ಭಯ ಎಲ್ಲಿ ಕೂತಿದೆ ಎಂದು ಕೇಳುತ್ತಿದ್ದ ಆಂಟಿ

ಅವರು ಎಲ್ಲೇ ಕೂತರೂ ಎಡಗೈ ಬಲಗೈಯನ್ನು ಮಡಿಲಲ್ಲಿ ಅದುಮಿ ಹಿಡಿದಿರುತ್ತಿತ್ತು. ಸಂತೆಯಿಂದ ಕೋಳಿ ತಂದವರು ಬಸ್ಸಿನಲ್ಲಿ ಅದು ಹಾರಿಹೋಗದಂತೆ ಹಿಡಿದು ಕೂತಿರುತ್ತಾರಲ್ಲ, ಹಾಗೆ. ಹಿಡಿತ ಸ್ವಲ್ಪ ಸಡಿಲವಾದರೆ ಸಾಕು, ಆ ಬಲಗೈ ನಡುಗಲು ಶುರುಮಾಡುತ್ತಿತ್ತು. ಉದ್ದನೆಯ ಬೆರಳುಗಳು, ನಿಂಬೆಗಿಡದ ಮುಳ್ಳು ಗೀರಿದ ಗುರುತುಗಳು, ಉಗುರಿನ ಸಂದಿಯಲ್ಲಿ ಯಾವಾಗಲೂ ಒಂದಿಷ್ಟು ಮಣ್ಣು. ವಯಸ್ಸಾದ ನಡುಕ ಎಂದುಕೊಂಡು ಒಂದು ದಿನ ಕೇಳಿಯೇಬಿಟ್ಟೆ. "ವಯಸ್ಸಲ್ಲ, ಹೆದರಿಕೆ," ಎಂದರು, ಚಹಾಕ್ಕೆ ಸಕ್ಕರೆ ಎಷ್ಟು ಎಂದು ಹೇಳುವಷ್ಟೇ ಸಲೀಸಾಗಿ. "ಹತ್ತು ಜನರ ಮುಂದೆ ಬಾಯಿ ಬಿಡಬೇಕು ಅಂದರೆ ನನಗೆ ಹೀಗೇ. ಚಿಕ್ಕಂದಿನಿಂದಲೂ."

ಮೂವತ್ತು ವರ್ಷ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು ಅವರು. ಪ್ರತಿ ಜನವರಿಯಲ್ಲಿ, ಅಂದರೆ ಆಸ್ಟ್ರೇಲಿಯಾದ ಬೇಸಿಗೆಯಲ್ಲಿ, ಮಕ್ಕಳ ಶಿಬಿರ ನಡೆಸುತ್ತಿದ್ದವರು. ಅಂಥವರಿಗೆ ಹೆದರಿಕೆ ಎಂದರೆ ನಂಬುವುದು ಹೇಗೆ? ನಾನಂತೂ ಹುಟ್ಟಾ ಪುಕ್ಕಲಿ. ಜೇಡಕ್ಕೆ ಹೆದರುತ್ತಿದ್ದೆ, ವಸಂತದಲ್ಲಿ ತಲೆಗೆ ಕುಕ್ಕಲು ಬರುವ ಮ್ಯಾಗ್‌ಪೈ ಹಕ್ಕಿಗೆ ಹೆದರುತ್ತಿದ್ದೆ, ಫೋನ್ ಗಂಟೆಗೆ ಹೆದರುತ್ತಿದ್ದೆ. ತರಗತಿಯಲ್ಲಿ ಟೀಚರ್ ಹಾಜರಿ ಕೂಗುತ್ತ ನನ್ನ ಹೆಸರಿನ ಹತ್ತಿರ ಬಂದು ತಡವರಿಸಿದಾಗ 'ಇದ್ದೇನೆ' ಎನ್ನಲೂ ಹೆದರಿ, ಹಾಜರಿದ್ದೂ ಗೈರುಹಾಜರಾದ ದಿನಗಳಿವೆ. ಹೆದರಿಕೆ ನನ್ನಂಥ ಚಿಲ್ಟಾರಿಗಳ ಕಾಯಿಲೆ, ದೊಡ್ಡವರಾದ ಮೇಲೆ ಹಾಲುಹಲ್ಲಿನ ಹಾಗೆ ತಾನಾಗಿ ಬಿದ್ದುಹೋಗುತ್ತದೆ ಎಂದು ನಂಬಿಕೊಂಡಿದ್ದೆ.

ನಾವು ಮೈಸೂರಿನಿಂದ ಅಡಿಲೇಡಿಗೆ ಬಂದಾಗ ನನಗೆ ಹನ್ನೆರಡು. ಅಪ್ಪ ಸಿವಿಲ್ ಎಂಜಿನಿಯರ್, ಅಮ್ಮನಿಗೆ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ. ಮಾಡ್ಬರಿಯಲ್ಲಿ ನಮ್ಮ ಬಾಡಿಗೆ ಮನೆಯಿಂದ ಎರಡು ಮನೆ ಆಚೆ ಅವರಿದ್ದರು. ಬಂದ ಮೊದಲ ವಾರವೇ ಒಂದು ಚೀಲ ನಿಂಬೆಹಣ್ಣು ತಂದುಕೊಟ್ಟು, ತಮ್ಮ ಹೆಸರು ಹೇಳಿ, ಹಾಗೇ ಕರೆಯಬೇಕು ಎಂದರು. ಅವರು ಕ್ವೇಕರ್ ಪಂಥದವರು. ಪೂಜಾರಿಯಿಲ್ಲ, ಗಂಟೆಯಿಲ್ಲ, ಹಾಡಿಲ್ಲ, ಭಾನುವಾರ ಎಲ್ಲರೂ ಒಂದು ಕೋಣೆಯಲ್ಲಿ ಮೌನವಾಗಿ ಕೂರುತ್ತಾರೆ. ಒಳಗಿನಿಂದ ಮಾತು ಬಂದವರು ಎದ್ದು ಆಡುತ್ತಾರೆ, ಬಾರದಿದ್ದರೆ ಇಲ್ಲ. ಎಲ್ಲರೂ ಸಮಾನರು ಎಂದು ಯಾರಿಗೂ ಸರ್, ಮೇಡಂ ಎನ್ನುವುದಿಲ್ಲ. ಐದು ವರ್ಷದ ಮಗು ಕೂಡ ಎಂಬತ್ತರ ಅಜ್ಜನನ್ನು ಹೆಸರು ಹಿಡಿದೇ ಕರೆಯುತ್ತದೆ. ಅಮ್ಮನಿಗೆ ಇದು ಕಿವಿಗೆ ಬಿದ್ದದ್ದೇ ತಡ, "ಅಷ್ಟು ದೊಡ್ಡೋರನ್ನ ಹೆಸರು ಹಿಡ್ದು ಕರೆದ್ರೆ ನಾಲಿಗೆ ಬಿದ್ದ್ಹೋಗತ್ತೆ, ಆಂಟಿ ಅನ್ನು," ಎಂದಳು. ಅವರು ಎರಡು ವರ್ಷ ನನ್ನನ್ನು ತಿದ್ದಿ ನೋಡಿ ಸೋತರು. ಅಂದು ಹೊರಳದ ನಾಲಿಗೆಗೆ ಈಗ ಬರೆಯುವಾಗಲೂ ಅವರ ಹೆಸರು ಬರುತ್ತಿಲ್ಲ. ಅವರು ಆಡಿದ್ದೆಲ್ಲ ಇಂಗ್ಲಿಷೇ ಆದರೂ ನನಗೆ ನೆನಪಾಗುವುದು ಕನ್ನಡದಲ್ಲೇ.

ಬೇಸಿಗೆಯ ಆರು ವಾರ ಶಾಲೆಗೆ ರಜೆ, ಅಪ್ಪ ಅಮ್ಮ ಇಬ್ಬರಿಗೂ ಕೆಲಸ. ಆಂಟಿ ತಮ್ಮ ಶಿಬಿರಕ್ಕೆ ನನ್ನನ್ನು ಕಳಿಸಿ ಎಂದಾಗ ಅಪ್ಪನಿಗೆ ಮೊದಲು ಬಂದದ್ದು ಮತಾಂತರದ ಅನುಮಾನ. ಅಲ್ಲಿ ಏನು ಮಾಡಿಸುತ್ತೀರಿ ಎಂದು ಸುತ್ತಿಬಳಸಿ ಕೇಳಿದರು. ಆಂಟಿ, "ಬೆಳಿಗ್ಗೆ ಸ್ವಲ್ಪ ಹೊತ್ತು ಸುಮ್ಮನೆ ಕೂರುತ್ತೇವೆ. ಆಮೇಲೆ ಮಕ್ಕಳೇ ಆ ದಿನದ ಕೆಲಸ ತೀರ್ಮಾನಿಸುತ್ತಾರೆ," ಎಂದರು. ಅವರು ಹೋದ ಮೇಲೆ ಅಪ್ಪ, "ಸುಮ್ನೆ ಕೂರೋಕೆ ಅಲ್ಲಿಗೆ ಯಾಕೆ ಹೋಗ್ಬೇಕು, ಇವಳು ಮನೇಲೂ ಅದನ್ನೇ ಮಾಡ್ತಿರ್ತಾಳೆ," ಎಂದರು. ಆದರೂ ಕಳಿಸಿದರು.

ಶಿಬಿರ ನಡೆಯುತ್ತಿದ್ದದ್ದು ಊರಾಚೆಯ ಗುಡ್ಡಗಳ ನಡುವೆ, ಒಂದು ಹಳೇ ಕುರಿ ಫಾರ್ಮಿನಲ್ಲಿ. ಉಣ್ಣೆ ಕತ್ತರಿಸುತ್ತಿದ್ದ ತಗಡಿನ ಶೆಡ್ಡೇ ನಮ್ಮ ಸಭಾಂಗಣ. ತಿಂಡಿಯಾದ ಮೇಲೆ ಮೂವತ್ತು ಜನ ಅಲ್ಲಿ ದುಂಡಗೆ ಕೂರುತ್ತಿದ್ದೆವು. ಇವತ್ತು ಎಲ್ಲಿಗೆ ನಡೆಯಬೇಕು, ಯಾರು ಪಾತ್ರೆ ತೊಳೆಯಬೇಕು, ಜಗಳವಾಡಿದ ಇಬ್ಬರನ್ನು ಏನು ಮಾಡಬೇಕು, ಎಲ್ಲವೂ ಅಲ್ಲೇ ತೀರ್ಮಾನ. ಆದರೆ ಕೈ ಎತ್ತಿಸಿ ಲೆಕ್ಕ ಹಾಕುವಂತಿಲ್ಲ. ಎಲ್ಲರೂ ಮಾತಾಡಿ, ನಡುನಡುವೆ ಸುಮ್ಮನಿದ್ದು, ಎಲ್ಲರ ಮನಸ್ಸೂ ಒಂದು ಕಡೆ ಬಂದಿದೆ ಅನ್ನಿಸಿದಾಗ 'ಕ್ಲರ್ಕ್' ಆದವರು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದು, ಅಲ್ಲೇ ಗಟ್ಟಿಯಾಗಿ ಓದಿ, ಸರಿಯೇ ಎಂದು ಕೇಳಬೇಕು. 'ನನ್ನ ಮನಸ್ಸು ಒಪ್ಪುತ್ತಿಲ್ಲ' ಎಂದು ಹತ್ತು ವರ್ಷದ ಮಗು ಒಂದೇ ಒಂದು ಸಲ ಅಂದರೂ ಸಾಕು, ಕೆಲಸ ನಿಲ್ಲುತ್ತದೆ. ಮೂರು ಬೇಸಿಗೆ ಬಂದವರನ್ನು ಹದಿನಾರಕ್ಕೆ ಯುವ ಮುಂದಾಳು ಎಂದು ಮಾಡಿ, ಕ್ಲರ್ಕ್ ಕೆಲಸ ಕಲಿಸುತ್ತಿದ್ದರು. ಅಪ್ಪನಿಗೆ ಇದನ್ನು ಹೇಳಿದಾಗ, "ನಮ್ಮ ತಾತ ತಾಲ್ಲೂಕು ಕಚೇರೀಲಿ ಮೂವತ್ತು ವರ್ಷ ಕ್ಲರ್ಕ್ ಆಗಿದ್ರು, ಅವ್ರಿಗೆ ಯಾವ ಕ್ಯಾಂಪೂ ಬೇಕಾಗಿರ್ಲಿಲ್ಲ," ಎಂದು ನಕ್ಕರು.

ಆಂಟಿ ಯಾವ ಮಗುವಿಗೂ 'ಹೆದರಬೇಡ' ಎಂದದ್ದನ್ನು ನಾನು ಕೇಳಿಲ್ಲ. ಹೆದರಿದವರ ಪಕ್ಕ ಬಂದು ಕೂತು, "ಇವತ್ತು ಎಲ್ಲಿ ಕೂತಿದೆ?" ಎನ್ನುತ್ತಿದ್ದರು. ಭಯ ಇಡೀ ಮೈಯನ್ನು ಹಿಡಿಯುವುದಿಲ್ಲ, ಎಲ್ಲೋ ಒಂದು ಕಡೆ ಜಾಗ ಮಾಡಿಕೊಂಡು ಕೂತಿರುತ್ತದೆ, ಮಿಕ್ಕ ಮೈ ನಮ್ಮದೇ ಎಂಬುದು ಅವರ ಲೆಕ್ಕಾಚಾರ. ಮೊದಲ ಬೇಸಿಗೆಯಲ್ಲಿ ನಾನು ಎದ್ದು ಮಾತಾಡಬೇಕಾದ ಸರದಿ ಬಂದಾಗ ಮೊಣಕಾಲಲ್ಲಿ ಎಂದೆ. "ಹಾಗಾದರೆ ಬಾಯಿಗೇನೂ ತೊಂದರೆಯಿಲ್ಲ. ಮಾತಾಡು." ಇನ್ನೊಂದು ಸಲ ಗಂಟಲಲ್ಲಿ ಎಂದೆ. "ಕೈ ಖಾಲಿ ಇದೆಯಲ್ಲ, ಬರೆದು ಓದು." ಹೊಟ್ಟೆಯಲ್ಲಿ ಎಂದವರಿಗೆ, "ಮೊದಲು ಬಾತ್‌ರೂಮಿಗೆ ಹೋಗಿ ಬಾ," ಎನ್ನುತ್ತಿದ್ದರು.

ನನಗೆ ಹದಿನಾರಾದ ಬೇಸಿಗೆಯಲ್ಲಿ ಕ್ಲರ್ಕ್ ನೋಟ್‌ಬುಕ್ಕು ನನ್ನ ಕೈಗೆ ಬಂತು. ಮೂರನೆಯ ದಿನ ಬೆಳಿಗ್ಗೆ, ಊಟವಾದ ಮೇಲೆ ಚಿಕ್ಕವರನ್ನು ನೀರಿನ ಹೊಂಡಕ್ಕೆ ನಡೆಸಿಕೊಂಡು ಹೋಗುವ ವಿಷಯ ಬಂತು. ಎಲ್ಲರಿಗೂ ಉತ್ಸಾಹ. ಅವತ್ತು ಉತ್ತರದ ಬಿಸಿ ಗಾಳಿ ಬೀಸುತ್ತಿತ್ತು, ಆಕಾಶದಲ್ಲಿ ಧೂಳಿನ ಮಬ್ಬು. ವೃತ್ತದ ಆ ಕಡೆ ಹತ್ತು ವರ್ಷದ ಒಬ್ಬ ಹುಡುಗಿ ಕೂತಿದ್ದಳು, ಹಳದಿ ಟೋಪಿ, ಎರಡು ಜಡೆ. ಅವಳಿಗೆ ಅದು ಮೊದಲ ಶಿಬಿರ. ಶೆಡ್ಡಿನ ಬಾಗಿಲಿನಿಂದ ಆಚೆ ಮೇಲಕ್ಕೆ ನೋಡುತ್ತ ಏನೂ ಮಾತಾಡದೆ ಕೂತಿದ್ದಳು. ನನ್ನ ಕಣ್ಣಿಗೆ ಅದು ಬಿದ್ದಿತ್ತು. ಬಿದ್ದಿರಲಿಲ್ಲ ಎಂದು ಹೇಳಿಕೊಳ್ಳಲು ಎಷ್ಟು ವರ್ಷ ಪ್ರಯತ್ನಪಟ್ಟರೂ ಆಗಲಿಲ್ಲ.

ನಾನು ಬೆಳೆದ ಮನೆಯಲ್ಲಿ ಮೌನಂ ಸಮ್ಮತಿ ಲಕ್ಷಣಂ. ನನ್ನ ಚಿಕ್ಕಮ್ಮನ ಮದುವೆ ಗೊತ್ತಾದದ್ದೇ ಹಾಗೆ. ಗಂಡಿನವರು ಬಂದ ದಿನ ಅವಳು ತಲೆ ತಗ್ಗಿಸಿ ಕೂತಿದ್ದಳಂತೆ, ತಾತ ಅವಳ ಕಡೆ ಒಮ್ಮೆ ನೋಡಿ, ಇದೇ ಮಾತು ಹೇಳಿ ತಾಂಬೂಲ ಬದಲಾಯಿಸಿಬಿಟ್ಟರಂತೆ. ಸುಮ್ಮನಿದ್ದವಳು ಒಪ್ಪಿದವಳು, ಇದರಲ್ಲಿ ಕೇಳುವುದೇನಿದೆ? ನಾಲ್ಕು ವರ್ಷ ಆಂಟಿಯ ಶೆಡ್ಡಿನಲ್ಲಿ ಕೂತೂ ಈ ಪಾಠವನ್ನು ನಾನು ಮರೆತಿರಲಿಲ್ಲ. ಜೊತೆಗೆ ಎಲ್ಲರ ಕಣ್ಣೂ ನನ್ನ ಮೇಲಿತ್ತು, ಬೇಗ ಮುಗಿಸಿ ಕೂತರೆ ಸಾಕಾಗಿತ್ತು. 'ಎಲ್ಲರೂ ಒಪ್ಪಿದೆವು' ಎಂದು ಬರೆದು, ಓದಿ, ಸರಿಯೇ ಎಂದು ಕೇಳಿ, ಉಸಿರು ಬಿಡುವಷ್ಟರಲ್ಲಿ ನೋಟ್‌ಬುಕ್ಕು ಮುಚ್ಚಿದೆ. ಮೂಲೆಯ ಬೆಂಚಿನಲ್ಲಿ ಆಂಟಿಯ ಎಡಗೈ ಬಲಗೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿಯಿತು.

ಹೊಂಡದ ಹತ್ತಿರ ಕಾಯಲು ದೊಡ್ಡವರೊಬ್ಬರು ಮೊದಲೇ ಕಾರಿನಲ್ಲಿ ಹೋಗಿದ್ದರು. ಅಲ್ಲಿಯತನಕ ಹನ್ನೊಂದು ಮಕ್ಕಳ ಜವಾಬ್ದಾರಿ ಇಬ್ಬರು ಯುವ ಮುಂದಾಳುಗಳದು. ಮುಂದೆ ಹದಿನೇಳರ ಒಬ್ಬ ಹುಡುಗ, ಹಿಂದೆ ನಾನು. ಅರ್ಧ ದಾರಿಯಲ್ಲಿ ಹಳದಿ ಟೋಪಿಯ ಹುಡುಗಿ ಒಂದು ದೊಡ್ಡ ನೀಲಗಿರಿ ಮರದ ಕೆಳಗೆ ಕೂತುಬಿಟ್ಟಳು. ಏಳು ಎಂದರೆ ಏಳಲಿಲ್ಲ. ಏನಾಯಿತು ಎಂದರೆ ಮಾತಿಲ್ಲ, ಮತ್ತೆ ಆಕಾಶ ನೋಡುತ್ತಿದ್ದಳು. ಮುಂದಿನವರು ಕಣ್ಣಿಗೆ ಮರೆಯಾದರು. ಅವರ ಗದ್ದಲವೂ ಕೇಳದಾಯಿತು. ಸುತ್ತ ಒಣಹುಲ್ಲು, ಗಾಳಿ, ಬಿಸಿಲಿಗೆ ಸಿಡಿಯುವ ತೊಗಟೆಯ ಸದ್ದು. ಆ ಕಾಡಿನಲ್ಲಿ ಒಬ್ಬಳೇ ಉಳಿಯುತ್ತೇನೆಂದು ನನಗೆ ಎಂಥ ಭಯವಾಯಿತೆಂದರೆ, ಒಂದು ಮಗು ನನ್ನ ಜೊತೆ ಇದೆ ಎಂಬುದೇ ಲೆಕ್ಕಕ್ಕೆ ಬರಲಿಲ್ಲ. ನನ್ನ ನೀರಿನ ಬಾಟಲಿಯನ್ನು ಅವಳ ಪಕ್ಕ ಇಟ್ಟು, "ಇಲ್ಲೇ ಕೂತಿರು, ಅವರನ್ನು ನಿಲ್ಲಿಸಿ ಬರುತ್ತೇನೆ, ಓಕೆ?" ಎಂದೆ. ಅವಳು ಸುಮ್ಮನಿದ್ದಳು. ಓಕೆ ಎಂದುಕೊಂಡು ಓಡಿದೆ.

ಅವರು ಸಿಕ್ಕಿದ್ದು ಹೊಂಡದ ಹತ್ತಿರವೇ. ವಾಪಸ್ಸು ಮರದ ಹತ್ತಿರ ಬಂದಾಗ ಇಪ್ಪತ್ತು ನಿಮಿಷವಾಗಿರಬೇಕು. ಬಾಟಲಿ ಇಟ್ಟಲ್ಲೇ ಇತ್ತು. ಹುಡುಗಿ ಇರಲಿಲ್ಲ.

ಕೂಗಿದೆ, ಹುಲ್ಲಿನಲ್ಲಿ ಹುಡುಕಿದೆ, ಮರ ತಪ್ಪಿದೆನೇನೋ ಎಂದು ಬಾಟಲಿಯನ್ನು ಮತ್ತೆ ನೋಡಿದೆ. ಜನವರಿ ವಿಷದ ಕಂದು ಹಾವುಗಳ ತಿಂಗಳು. ಆ ಹುಡುಗಿಯ ಕಾಲಲ್ಲಿ ಸ್ಯಾಂಡಲ್ ಇತ್ತು ಎಂಬುದು ಆಗ ನೆನಪಾಯಿತು. ಬಿಸಿಲಿಗೆ ನೀರಿಲ್ಲದೆ ಒಂದು ಮಗು ಎಷ್ಟು ಹೊತ್ತು ಇರಬಲ್ಲದು ಎಂದು ಗೊತ್ತಿರಲಿಲ್ಲ, ಗೊತ್ತಿಲ್ಲದ್ದು ಇನ್ನೂ ಕೆಟ್ಟದಾಗಿತ್ತು. ಶೆಡ್ಡಿಗೆ ಓಡಿಬಂದು ಆಂಟಿಯ ಮುಂದೆ ನಿಂತೆ. "ಅವಳು ಹಿಂದೆ ಉಳಿದುಬಿಟ್ಟಳು," ಎಂದೆ. ನಾನು ಬಿಟ್ಟುಹೋದೆ ಎನ್ನಲಿಲ್ಲ. ಅಂಥ ಹೊತ್ತಿನಲ್ಲೂ ಸುಳ್ಳು ಎಷ್ಟು ಚುರುಕಾಗಿ ಬಾಯಿಗೆ ಬಂತು ಎಂದು ಈಗಲೂ ಆಶ್ಚರ್ಯವಾಗುತ್ತದೆ.

ಪೊಲೀಸರಿಗೆ ಫೋನ್ ಹೋಯಿತು, ಹುಡುಗಿಯ ತಾಯಿಗೂ ಹೋಯಿತು. ಮಿಕ್ಕ ಮಕ್ಕಳನ್ನು ಶೆಡ್ಡಿಗೆ ಕರೆತಂದು ಕೂರಿಸಿದರು. ದೊಡ್ಡವರೆಲ್ಲ ಹೆಸರು ಕೂಗುತ್ತ ಹೊರಟರು. ಆಂಟಿ ಅವರನ್ನು ಸ್ವಲ್ಪ ಹೊತ್ತು ಕೂಗಬೇಡಿ ಎಂದು ನಿಲ್ಲಿಸಿ, ಆ ಮರದ ಹತ್ತಿರ ನನ್ನನ್ನು ಕರೆದುಕೊಂಡು ಹೋದರು. "ಅವಳ ಭಯ ಎಲ್ಲಿ ಕೂತಿತ್ತು?" ಎಂದು ಕೇಳಿದರು. ನನಗೆ ಗೊತ್ತಿಲ್ಲ ಎಂದೆ. "ಗೊತ್ತಿದೆ. ಅವಳು ಏನನ್ನು ನೋಡುತ್ತಿದ್ದಳು?"

"ಆಕಾಶ."

"ನೆಲವನ್ನಲ್ಲ?"

"ಅಲ್ಲ. ಬೆಳಿಗ್ಗೆಯೂ ಆಕಾಶವನ್ನೇ."

"ಹಾಗಾದರೆ ಹಾವಿಗಲ್ಲ," ಎಂದರು ಆಂಟಿ. "ಹೋದ ಬೇಸಿಗೆಯಲ್ಲಿ ಅವಳ ಮನೆಯ ಹಿಂದಿನ ಗುಡ್ಡಕ್ಕೆ ಬೆಂಕಿ ಬಿದ್ದಿತ್ತು. ಅವಳಮ್ಮ ಶಿಬಿರದ ಅರ್ಜಿಯಲ್ಲಿ ಬರೆದಿದ್ದಳು. ಆ ಮಬ್ಬನ್ನು ಹೊಗೆ ಅಂದುಕೊಂಡಿದ್ದಾಳೆ. ಬೆಂಕಿಗೆ ಹೆದರಿದ ಮಗು ತಗ್ಗು ಹುಡುಕುತ್ತದೆ."

ಮರದಿಂದ ಕೆಳಕ್ಕೆ ಒಂದು ಒಣ ತೊರೆ. ಅದರ ಜಾಡು ಹಿಡಿದು ಹೋದರೆ ಮಣ್ಣುರಸ್ತೆ, ರಸ್ತೆಯ ಅಡಿಯಲ್ಲಿ ನೀರು ಹೋಗಲು ಹಾಕಿದ ಕಾಂಕ್ರೀಟು ಮೋರಿ. ಮೋರಿಯ ಬಾಯಲ್ಲಿ ಸಣ್ಣ ಸ್ಯಾಂಡಲ್ಲಿನ ಗುರುತು. ಬಗ್ಗಿ ನೋಡಿದರೆ ಒಳಗೆ ದೂರದಲ್ಲಿ ಹಳದಿ. ನಾನು ಜೋರಾಗಿ ಅವಳ ಹೆಸರು ಕೂಗಿದೆ, ಅವಳು ಇನ್ನಷ್ಟು ಒಳಕ್ಕೆ ಸರಿದಳು. ಅಂಥ ತಂಪು ಜಾಗವೆಂದರೆ ಕಂದು ಹಾವುಗಳಿಗೂ ಪ್ರಾಣ. ಹೆದರುವವರ ಮೇಲೆ ಹಾವು ಬಿಟ್ಟ ಹಾಗೆ ಎಂಬ ಮಾತು ನಿಜಕ್ಕೂ ನಮ್ಮ ಮೂವರ ಮೇಲೂ ಬಂದಿತ್ತು.

ಆಂಟಿ ನನ್ನ ಭುಜ ಹಿಡಿದು ಮೊಣಕಾಲೂರಿದರು, ಆಮೇಲೆ ಕಲ್ಲುಮಣ್ಣಿನ ಮೇಲೆ ಹೊಟ್ಟೆ ಅಡಿಯಾಗಿ ಮಲಗಿದರು. ಎಪ್ಪತ್ತರ ಅಂಚಿನ ಹೆಂಗಸು, ಸೊಂಟ ಆಗಲೇ ಕೈಕೊಟ್ಟಿತ್ತು. ತಲೆಯನ್ನು ಮೋರಿಯ ಬಾಯಿಗೆ ಇಟ್ಟು, "ನನಗೂ ಹೆದರಿಕೆಯಾಗುತ್ತಿದೆ. ನಾನು ಇಲ್ಲೇ ಇರುತ್ತೇನೆ," ಎಂದಷ್ಟೇ ಹೇಳಿ ಸುಮ್ಮನಾದರು. ಬಾ ಎನ್ನಲಿಲ್ಲ. ಹೊಗೆಯಲ್ಲ, ಧೂಳು ಎಂದೂ ಹೇಳಲಿಲ್ಲ. ನಾನು ಹಿಂದೆ ಕೂತು ಅವರ ಬೂಟಿನ ಅಡಿಯನ್ನೇ ನೋಡುತ್ತಿದ್ದೆ. ಎಷ್ಟು ಹೊತ್ತಾಯಿತೋ ಏನೋ, ಒಳಗಿನಿಂದ ಸಣ್ಣ ದನಿ, "ಬೆಂಕಿ ಎಷ್ಟು ದೂರ ಇದೆ?" ಎಂದಿತು. "ಎಲ್ಲೂ ಇಲ್ಲ. ಬೇಕಾದರೆ ಬಂದು ನೀನೇ ನೋಡು," ಎಂದರು ಆಂಟಿ. ಇನ್ನೂ ಸ್ವಲ್ಪ ಹೊತ್ತಿಗೆ ಹಳದಿ ಟೋಪಿ ಹೊರಬಂತು. ಮೊಣಕೈ ತರಚಿತ್ತು, ತುಟಿ ಒಣಗಿತ್ತು, ಅಷ್ಟೇ. ನನಗೆ ಅಳು ತಡೆಯಲಾಗಲಿಲ್ಲ.

ಸಂಜೆ ಹುಡುಗಿಯ ತಾಯಿ ಬಂದಳು. ಮಗಳನ್ನು ಮಡಿಲಲ್ಲಿ ಕೂರಿಸಿಕೊಂಡೇ ವೃತ್ತದಲ್ಲಿ ಕೂತಳು. ಊಟಕ್ಕೆ ಮುಂಚೆ ಇನ್ನೊಂದು ಸಭೆ. ಆಮೇಲೆ ಆಂಟಿ ಎದ್ದರು. ಎಡಗೈ ಈ ಸಲ ಬಲಗೈಯನ್ನು ಹಿಡಿಯಲಿಲ್ಲ, ಅದು ಎಲ್ಲರ ಕಣ್ಣೆದುರು ನಡುಗುತ್ತಿತ್ತು. "ಬೆಳಿಗ್ಗೆ ಈ ಮಗು ಹೆದರಿ ಆಕಾಶ ನೋಡುತ್ತಿದ್ದದ್ದು ನನಗೆ ಕಾಣಿಸಿತು. ಸ್ವಲ್ಪ ತಡೆಯಿರಿ ಅನ್ನಬಹುದಿತ್ತು. ಎಲ್ಲರ ಮುಂದೆ ಕ್ಲರ್ಕಿಗೆ ಅವಮಾನವಾಗುತ್ತದೆ ಎಂದು ಹೆದರಿ ಸುಮ್ಮನಿದ್ದೆ. ಮಗು ಕಳೆದುಹೋದದ್ದರಲ್ಲಿ ನನ್ನ ಪಾಲು ಇದು." ಇಷ್ಟು ಹೇಳಿ ಕೂತರು. ನನ್ನ ಕಡೆ ನೋಡಲೇ ಇಲ್ಲ.

ಅವರ ಪಾಲು ಅದಾದರೆ ಮಿಕ್ಕಿದ್ದು ಯಾರದು ಎಂದು ನನಗೆ ಗೊತ್ತಿತ್ತು. ಭಯ ಗಂಟಲಲ್ಲಿ ಕೂತಿತ್ತು. ಕೈ ಖಾಲಿಯಿತ್ತು. ನೋಟ್‌ಬುಕ್ಕು ತೆರೆದು ಬರೆದೆ, ಬರೆದದ್ದನ್ನು ಓದಿದೆ: "ಬೆಳಿಗ್ಗೆ ಎಲ್ಲರೂ ಒಪ್ಪಿದೆವು ಎಂದು ಬರೆದದ್ದು ನಿಜವಲ್ಲ. ಒಬ್ಬಳು ಸುಮ್ಮನಿದ್ದಳು. ಕ್ಲರ್ಕ್ ಅವಳನ್ನು ಕೇಳಲಿಲ್ಲ. ದಾರಿಯಲ್ಲಿ ಅವಳು ಹಿಂದೆ ಉಳಿದಳು." ಓದಿ, ಹುಡುಗಿಯ ಕಡೆ ತಿರುಗಿ ಸರಿಯೇ ಎಂದು ಕೇಳಿದೆ. ಈ ಸಲ ಕಾದೆ. ಅವಳು ತಾಯಿಯ ತೋಳಿನಿಂದ ಮುಖ ಎತ್ತಿ, "ಇಲ್ಲ. ನಾನು ಹಿಂದೆ ಉಳಿಯಲಿಲ್ಲ. ನೀನು ಬಿಟ್ಟುಹೋದೆ," ಎಂದಳು.

ಶೆಡ್ಡಿನ ತಗಡು ತಣ್ಣಗಾಗುತ್ತ ಟಕ್ ಟಕ್ ಎನ್ನುತ್ತಿತ್ತು. ಅವಳ ತಾಯಿ ನನ್ನನ್ನು ನೋಡಿದ ನೋಟವನ್ನು ನಾನು ವಿವರಿಸಲಾರೆ. ಕೊನೆಯ ಸಾಲು ಹೊಡೆದುಹಾಕಿ, 'ದಾರಿಯಲ್ಲಿ ನಾನು ಅವಳನ್ನು ಒಬ್ಬಳನ್ನೇ ಬಿಟ್ಟುಹೋದೆ. ಆಮೇಲೆ ಸುಳ್ಳು ಹೇಳಿದೆ' ಎಂದು ಬರೆದು ಮತ್ತೆ ಓದಿದೆ. ಸರಿಯೇ ಎಂದು ಕೇಳಿದೆ. "ಸರಿ," ಎಂದಳು.

ನಡಿಗೆಯ ಜವಾಬ್ದಾರಿಯನ್ನು ಆ ಬೇಸಿಗೆ ಆಂಟಿ ನನಗೆ ಮತ್ತೆ ಕೊಡಲಿಲ್ಲ, ಕೊಡಲೂ ಬಾರದಿತ್ತು. ಆದರೆ ಮರುದಿನ ಬೆಳಿಗ್ಗೆ ನೋಟ್‌ಬುಕ್ಕನ್ನು ನನ್ನ ತಟ್ಟೆಯ ಪಕ್ಕ ತಂದಿಟ್ಟರು. ನನ್ನಿಂದಾಗದು ಎಂದೆ. "ಇವತ್ತು ಈ ಶೆಡ್ಡಿನಲ್ಲಿ ನಿನಗಿಂತ ಹುಷಾರಾಗಿ ಯಾರು ಕೇಳುತ್ತಾರೆ?" ಎಂದರು. ಅವತ್ತು ನಾನು ಮೂವತ್ತು ಜನರನ್ನೂ ಒಬ್ಬೊಬ್ಬರಾಗಿ ಕೇಳಿದೆ. ಆಲೂಗಡ್ಡೆ ಬೇಯಿಸುವುದೋ ಹುರಿಯುವುದೋ ಎಂಬ ತೀರ್ಮಾನಕ್ಕೆ ಒಂದು ಗಂಟೆ ಹಿಡಿಯಿತು. ಯಾರೋ ಗೊಣಗಿದರು. ಆಂಟಿ ಮೂಲೆಯಲ್ಲಿ ನಗು ತಡೆದುಕೊಂಡು ಕೂತಿದ್ದರು.

ಮನೆಯಲ್ಲಿ ಅಪ್ಪ, "ಇನ್ಮೇಲೆ ಕ್ಯಾಂಪೂ ಬೇಡ ಗೀಂಪೂ ಬೇಡ," ಎಂದು ಹಾರಾಡಿದರು. ಅಮ್ಮ ಮಾತ್ರ ಆ ಹುಡುಗಿಯ ತಾಯಿಗೆ ಚಕ್ಕುಲಿಯ ಡಬ್ಬ ಕಳಿಸಿದಳು. ನಾನು ಮುಂದಿನ ಬೇಸಿಗೆಯೂ ಹೋದೆ. ಹಳದಿ ಟೋಪಿಯೂ ಬಂದಿತ್ತು. ನನ್ನ ಜೊತೆ ಅವಳು ಮಾತಾಡಿದ್ದು ಮೂರನೆಯ ದಿನ, ಉಪ್ಪು ಕೊಡು ಎಂದು.

ಓದು ಮುಗಿಸಿ ನಾನು ಕೆಲಸಕ್ಕೆ ಬ್ರಿಸ್ಬೇನಿಗೆ ಬಂದೆ. ರನ್‌ಕಾರ್ನಿನಲ್ಲಿ ಮೂವರು ಹುಡುಗಿಯರ ಜೊತೆ ಮನೆ, ಫೋರ್ಟಿಟ್ಯೂಡ್ ವ್ಯಾಲಿಯಲ್ಲಿ ಆಫೀಸು. ಆಂಟಿ ಅಷ್ಟರಲ್ಲಿ ಮಾಡ್ಬರಿಯ ಮನೆ ಖಾಲಿ ಮಾಡಿ ಪರ್ತ್‌ನಲ್ಲಿದ್ದ ಮಗನ ಮನೆಗೆ ಹೋಗಿದ್ದರು. ಭಾನುವಾರ ಫೋನ್ ಮಾಡುತ್ತಿದ್ದೆ. ನನ್ನ ಆಫೀಸು, ಅವರ ಹೊಸ ನಿಂಬೆಗಿಡ, ಇಷ್ಟೇ ಮಾತು. ಹೊಸ ಗಿಡ ಪರ್ತ್‌ನ ಮರಳಿಗೆ ಒಗ್ಗುತ್ತಿಲ್ಲ ಎಂಬುದು ಅವರ ದೊಡ್ಡ ದೂರು.

ಒಂದು ದಿನ ಫೋನನ್ನು ಮಗ ಎತ್ತಿಕೊಂಡರು. ಅಮ್ಮ ಆಸ್ಪತ್ರೆಯಲ್ಲಿದ್ದಾಳೆ, ಈಗಾಗಲೇ ಒಂದು ಆಪರೇಷನ್ ಆಗಿದೆ, ಅದು ಸಾಲದು, ಶುಕ್ರವಾರ ಇನ್ನೊಂದು ಎಂದರು. ಒಳ್ಳೆಯ ಮನುಷ್ಯ, ನಿದ್ದೆಗೆಟ್ಟ ದನಿ. "ಆಂಟಿ ಒಪ್ಪಿದರಾ?" ಎಂದು ಕೇಳಿದೆ. "ಬೇಡ ಅಂತ ಏನೂ ಹೇಳಲಿಲ್ಲ. ಡಾಕ್ಟರ್ ಹೇಳುವಾಗ ಸುಮ್ಮನೆ ಕೇಳಿಸಿಕೊಂಡಳು."

ನಾನು ಆಗ ವ್ಯಾಲಿಯ ರೈಲು ಪ್ಲಾಟ್‌ಫಾರಮ್ಮಿನಲ್ಲಿ ನಿಂತಿದ್ದೆ. ಆ ಮಾತು ಕೇಳಿ, ಮರದ ಕೆಳಗೆ ಬಾಟಲಿ ಮಾತ್ರ ಕಂಡದ್ದು ನೆನಪಾಯಿತು. ನನ್ನ ರೈಲು ಬಂದು ಹೋಯಿತು. ನನ್ನ ಅಮ್ಮನಿಗೆ ಫೋನ್ ಮಾಡಿದೆ. "ನೋಡು, ಅವ್ರ ಮನೆ ವಿಷ್ಯಕ್ಕೆ ನೀನು ತಲೆ ಹಾಕ್ಬೇಡ. ನೀನೇನು ಅವ್ರ ಮಗಳಾ, ಸೊಸೇನಾ? ನಾಳೆ ಹೆಚ್ಚುಕಮ್ಮಿ ಆದ್ರೆ ನಿನ್ ತಲೆ ಮೇಲೇ ಬರತ್ತೆ," ಎಂದಳು. ಅವಳು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆಪರೇಷನ್ ಆದರೆ ಅವರು ಬದುಕಬಹುದು, ನಾನು ಬಾಯಿ ಬಿಟ್ಟರೆ ಬದುಕದೇ ಹೋಗಬಹುದು. ಆ ಮೋರಿಯ ಮುಂದೆಯೂ ನನಗೆ ಇಷ್ಟು ಹೆದರಿಕೆಯಾಗಿರಲಿಲ್ಲ.

ಮರುದಿನ ಮಧ್ಯಾಹ್ನ ಆಸ್ಪತ್ರೆಗೇ ಫೋನ್ ಮಾಡಿದೆ. ನರ್ಸ್ ಫೋನನ್ನು ಆಂಟಿಯ ಕಿವಿಗೆ ಹಿಡಿದರು. "ಆಂಟಿ, ಶುಕ್ರವಾರದ್ದಕ್ಕೆ ನಿಮ್ಮ ಮನಸ್ಸು ಒಪ್ಪಿದೆಯಾ?" ಎಂದು ಕೇಳಿ ಸುಮ್ಮನಾದೆ. ಆ ಕಡೆ ಉಸಿರು ಮಾತ್ರ. ಬೇರೆ ಏನಾದರೂ ಹೇಳಿ ಆ ಮೌನವನ್ನು ತುಂಬಿಸಿಬಿಡಬೇಕು ಎಂದು ನಾಲಿಗೆ ತುರಿಸುತ್ತಿತ್ತು. ಕಚ್ಚಿ ಹಿಡಿದೆ.

"ಇಲ್ಲ," ಎಂದರು ಕೊನೆಗೆ. ಸ್ವಲ್ಪ ತಡೆದು, "ಅವನಿಗೆ ಹೇಳಲು ಹೆದರಿಕೆ. ಅವನು ಅಷ್ಟು ಆಸೆ ಇಟ್ಟುಕೊಂಡಿದ್ದಾನೆ," ಎಂದರು.

"ಎಲ್ಲಿ ಕೂತಿದೆ?"

"ಗಂಟಲಲ್ಲಿ." ಹೇಳುತ್ತಿದ್ದ ಹಾಗೆ ನಗಲು ನೋಡಿದರು, ಕೆಮ್ಮು ಬಂತು.

"ಕೈ ಖಾಲಿ ಇದೆಯಲ್ಲ ಆಂಟಿ. ಬರೆಯಿರಿ."

ಬರೆದರಂತೆ. ಆಪರೇಷನ್ ಆಗಲಿಲ್ಲ. ಮಗ ಅವರನ್ನು ಮನೆಗೆ ಕರೆತಂದು, ನಿಂಬೆಗಿಡ ಕಾಣುವ ಕಿಟಕಿಯ ಹತ್ತಿರ ಮಂಚ ಹಾಕಿಸಿದರು. ಹತ್ತೊಂಬತ್ತನೆಯ ದಿನ ಆಂಟಿ ತೀರಿಕೊಂಡರು.

ಅದಾದ ಮೂರನೆಯ ವಾರ ಅವರ ನೆನಪಿನ ಸಭೆಗೆ ಪರ್ತ್‌ಗೆ ಹೋದೆ. ವಿಮಾನದಲ್ಲಿ ಐದೂವರೆ ಗಂಟೆ ಒಂದೇ ಪ್ರಶ್ನೆ, ಅವರ ದಿನಗಳನ್ನು ಕಡಿಮೆ ಮಾಡಿದವಳು ನಾನೇ ಅಲ್ಲವೇ ಎಂದು. ಒಂದು ಸಣ್ಣ ಕೋಣೆ, ದುಂಡಗೆ ಹಾಕಿದ ಕುರ್ಚಿಗ‌ಳು, ಒಂದು ಗಂಟೆಯ ಮೌನ. ನಡುವೆ ಕೆಲವರು ಎದ್ದು ಮಾತಾಡಿದರು. ಹದಿನೈದು ದಾಟಿದ ಒಬ್ಬ ಹುಡುಗಿ ಅಡಿಲೇಡಿನಿಂದ ಬಂದಿದ್ದಳು, ತಲೆಯಲ್ಲಿ ಟೋಪಿಯಿರಲಿಲ್ಲ, ಆದರೂ ಗುರುತು ಸಿಕ್ಕಿತು. ಅವಳು ಎದ್ದು, "ನಾನು ಮೋರಿಯೊಳಗಿದ್ದಾಗ ಅವರು ನನ್ನನ್ನು ಹೊರಗೆ ಬಾ ಅನ್ನಲಿಲ್ಲ," ಎಂದಷ್ಟೇ ಹೇಳಿ ಕೂತಳು. ಎದುರಿಗೆ ಕೂತಿದ್ದ ಮಗ ಒಂದು ಸಲವೂ ನನ್ನ ಕಡೆ ನೋಡಿರಲಿಲ್ಲ.

ಸಭೆ ಮುಗಿದ ಮೇಲೆ ಚಹಾ. ಮಗ ಬಂದು ಕೈಕುಲುಕಿದರು, ಏನೂ ಹೇಳದೆ ಕಿಟಕಿಯ ಕಡೆ ನಡೆದರು. ಇದನ್ನು ಕ್ಷಮೆ ಎಂದುಕೊಂಡು ಏರ್‌ಪೋರ್ಟಿಗೆ ಹೊರಟುಬಿಡಬಹುದಿತ್ತು. ಅವರೂ ಸುಮ್ಮನಿದ್ದಾರೆ, ನಾನೂ ಸುಮ್ಮನಿದ್ದೇನೆ, ಯಾರಿಗೂ ತೊಂದರೆಯಿಲ್ಲ. ಭಯ ಎಲ್ಲಿ ಕೂತಿದೆ ಎಂದು ನೋಡಿಕೊಂಡೆ. ಮೊಣಕಾಲಲ್ಲಿ. ಬಾಯಿಗೆ ತೊಂದರೆಯಿರಲಿಲ್ಲ. ಕಿಟಕಿಯ ಹತ್ತಿರ ಹೋಗಿ, "ನಿಮಗೆ ನನ್ನ ಮೇಲೆ ಕೋಪ ಇದೆಯಾ?" ಎಂದು ಕೇಳಿದೆ.

ಅವರು ತುಂಬ ಹೊತ್ತು ಹೊರಗೆ ನೋಡುತ್ತ ನಿಂತರು. ನಾನು ಕಾದೆ.

"ಇತ್ತು," ಎಂದರು. "ಇನ್ನೂ ಸ್ವಲ್ಪ ಇದೆ." ಆಮೇಲೆ ನನ್ನ ಕಡೆ ತಿರುಗಿ, ನನ್ನ ಮಡಿಚಿದ ಕೈಗಳನ್ನು ನೋಡಿದರು. "ನೀನು ಬಂದು ಕೇಳುತ್ತೀಯ ಅಂತ ಅಮ್ಮ ಹೇಳಿದ್ದಳು. ಕೇಳುವಾಗ ನಡುಗುತ್ತಿರುತ್ತೀಯ, ಕೂರಿಸಿ ಚಹಾ ಕೊಡು ಅಂದಿದ್ದಳು."

ಆಗ ಕೆಳಗೆ ನೋಡಿಕೊಂಡೆ. ನನ್ನ ಎಡಗೈ ಬಲಗೈಯನ್ನು ಅದುಮಿ ಹಿಡಿದಿತ್ತು. ಅವರು ಕುರ್ಚಿ ಎಳೆದು ಹಾಕಿದರು.